ಬಿತ್ತನೆಗೆ ಮುಂಚೆ ಕೊಟ್ಟ ದುಡ್ಡು

ಎಲೆಕೋಸು ಕಟಾವಿಗೆ ಬಂದಿತ್ತು. ಒಂದೊಂದೂ ಎರಡು ಕೈ ತುಂಬುವಷ್ಟು ದಪ್ಪ, ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಅದರ ಮೇಲೆಯೇ ಟಿಲ್ಲರ್ ಓಡುತ್ತಿತ್ತು. ಅರ್ಧ ಹೊಲ ಆಗಲೇ ಮಣ್ಣು ಸೇರಿತ್ತು. ಜಜ್ಜಿದ ಎಲೆಯ ಘಾಟು ರಸ್ತೆವರೆಗೂ ಬರುತ್ತಿತ್ತು. ನಾನು ಸೈಕಲ್ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಟಿಲ್ಲರ್ ಓಡಿಸುತ್ತಿದ್ದವರು ಅದನ್ನು ನಿಲ್ಲಿಸಿ ಬದುವಿನ ಹತ್ತಿರ ಬಂದರು.

"ಯಾಕಣ್ಣಾ, ಇಷ್ಟು ಚೆನ್ನಾಗಿರೋದನ್ನ ಹೀಗೆ ಮಾಡ್ತಿದ್ದೀರಿ?" ಅಂತ ಕೇಳಿದೆ.

"ಕೊಯ್ಯೋ ಕೂಲಿನೂ ಹುಟ್ಟಲ್ಲಮ್ಮಾ. ಗಾಡಿ ಬಾಡಿಗೆ ಬೇರೆ. ಕಳಿಸಿದ್ರೆ ಕೈಯಿಂದಲೇ ಹಾಕ್ಬೇಕು. ಮಣ್ಣಿಗಾದ್ರೂ ಗೊಬ್ಬರ ಆಗ್ಲಿ" ಅಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಜಾಸ್ತಿ ಕಾಡಿತು. ಆ ಸಂಜೆ ಮನೆ ಹತ್ತಿರ ಎಲೆಕೋಸು ಕೊಂಡೆ. ಬೆಲೆ ಹಿಂದಿನ ವಾರದಷ್ಟೇ ಇತ್ತು. ಆ ಹೊಲಕ್ಕೂ ನಮ್ಮ ಮನೆಗೂ 14 ಕಿಲೋಮೀಟರ್ ದೂರ. ಅಷ್ಟು ದೂರ ದಾಟಿ ಬರಲು ಒಂದು ಎಲೆಕೋಸಿಗೆ ದಾರಿಯಿಲ್ಲ ಅಂದರೆ ಎಲ್ಲೋ ಏನೋ ತಪ್ಪಿದೆ ಅನಿಸಿತು. ಇದು ಶುರುವಾದದ್ದು ಅಲ್ಲಿಂದ. ಒಂದು ಹಂಗಾಮು ಪೂರ್ತಿ ಮುಗಿಸಿ ಈಗ ಎರಡನೆಯದಕ್ಕೆ ಬಂದಿದ್ದೇವೆ. ಹೇಗೆ ನಡೆಯಿತು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ಇಂಥದ್ದು ಮಾಡಬೇಕು ಅಂದುಕೊಂಡವರಿಗೆ ಉಪಯೋಗ ಆದೀತು.

ಮೊದಲು ನನಗೆ ಹೊಳೆದದ್ದು ಸುಲಭದ ದಾರಿ. ಅವರಿಂದಲೇ ನೇರವಾಗಿ ಕೊಂಡರೆ ಆಯಿತು, ಅಲ್ವಾ? ನಾಲ್ಕೈದು ಮನೆಯವರು ಸೇರಿ ಎರಡು ತಿಂಗಳು ಹಾಗೇ ಮಾಡಿದೆವು. ವಾರಕ್ಕೊಮ್ಮೆ ಫೋನ್ ಮಾಡಿ ಬೇಕಾದ್ದು ಹೇಳುವುದು, ಹೋಗಿ ತರುವುದು. ಒಂದು ವಾರ ನಾವು ಊರಲ್ಲಿರಲಿಲ್ಲ. ಇನ್ನೊಂದು ವಾರ ಇಬ್ಬರು ಬೇಡ ಅಂದರು. ನಮಗೆ ಅಂತಲೇ ಕೊಯ್ದಿಟ್ಟ ಸೊಪ್ಪು ಅವರ ಜಗಲಿಯಲ್ಲೇ ಬಾಡಿತು. ಆಗ ಅವರ ಹೆಂಡತಿ ಒಂದು ಮಾತು ಹೇಳಿದರು. ಅವರನ್ನು ನಾನು ಅಕ್ಕ ಅನ್ನುತ್ತೇನೆ, ಅವರ ಗಂಡನನ್ನು ಅಣ್ಣ.

"ನೀವು ಬಂದ ವಾರ ಸಂತೋಷ. ಬರದಿದ್ದ ವಾರ ನಾನೇನು ಮಾಡ್ಲಿ? ಗಿಡ ನಿಮ್ಮ ಫೋನಿಗೆ ಕಾಯಲ್ಲ."

ಆ ಮಾತು ನನ್ನ ಕಣ್ಣು ತೆರೆಸಿತು. ನಾವು ಮಾಡಿದ್ದು ಇಷ್ಟೇ: ದಲ್ಲಾಳಿಯ ಜಾಗದಲ್ಲಿ ನಾವು ನಿಂತೆವು. ಬೇಕಾದಾಗ ಬಂದೆವು, ಬೇಡವಾದಾಗ ಬಿಟ್ಟೆವು. ಬೀಜ, ಗೊಬ್ಬರ, ಕೂಲಿ, ಡೀಸೆಲ್ ಎಲ್ಲದಕ್ಕೂ ದುಡ್ಡು ಬೇಕಾಗುವುದು ಬಿತ್ತುವಾಗ. ನಾವು ಕೊಡುತ್ತಿದ್ದದ್ದು ತರಕಾರಿ ಕೈಗೆ ಬಂದ ಮೇಲೆ. ನಡುವಿನ ಮೂರು ತಿಂಗಳು ಸಾಲ ಅವರದು, ಮಳೆಯ ಭಯ ಅವರದು, ಹುಳದ ಕಾಟ ಅವರದು. ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಆ ಮೂರು ತಿಂಗಳು ಅವರ ತಲೆ ಮೇಲೇ ಇರುತ್ತದೆ.

ಬೇರೆ ಕಡೆ ಜನ ಇದಕ್ಕೆ ಏನು ಮಾಡಿದ್ದಾರೆ ಅಂತ ಹುಡುಕಿ ಓದತೊಡಗಿದೆ. ಜಪಾನಿನಲ್ಲಿ 1970ರ ದಶಕದಲ್ಲೇ ಮನೆಯವರು ಗುಂಪು ಕಟ್ಟಿಕೊಂಡು ರೈತರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅದಕ್ಕೆ ಅಲ್ಲಿ ತೇಕೇ ಅನ್ನುತ್ತಾರೆ. ತಾಯಂದಿರಿಗೆ ಊಟದಲ್ಲಿ ಸೇರುವ ಕೀಟನಾಶಕದ ಚಿಂತೆ, ರೈತರಿಗೆ ಮಾರುಕಟ್ಟೆಯ ಚಿಂತೆ. ಎರಡೂ ಸೇರಿ ಹುಟ್ಟಿದ್ದು ಅದು. 1971ರಲ್ಲಿ ಶುರುವಾದ ಅಲ್ಲಿನ ಸಾವಯವ ಕೃಷಿ ಸಂಘ 1978ರಲ್ಲಿ ಇದಕ್ಕೆ ಹತ್ತು ನಿಯಮ ಬರೆಯಿತು. ಅದರಲ್ಲಿ ಮೂರು ನನ್ನ ಮನಸ್ಸಿಗೆ ನಾಟಿದವು. ಬೆಳೆದದ್ದನ್ನೆಲ್ಲ ತೆಗೆದುಕೊಳ್ಳಬೇಕು. ಬೆಲೆಯನ್ನು ಇಬ್ಬರೂ ಕೂತು ತೀರ್ಮಾನಿಸಬೇಕು. ಗುಂಪು ತೀರಾ ದೊಡ್ಡದಾಗಬಾರದು. ಅದೇ ಹೊತ್ತಿಗೆ, 1978ರಲ್ಲಿ, ಜಿನೀವಾದ ಪಕ್ಕದಲ್ಲೂ ಇಂಥದ್ದೊಂದು ತೋಟ ಹುಟ್ಟಿತು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್‌ನ ಎರಡು ತೋಟಗಳು ಶುರು ಮಾಡಿದವು. ಫ್ರಾನ್ಸ್‌ಗೆ ಬಂದದ್ದು 2001ರಲ್ಲಿ. ಹೆಸರು ಒಂದೊಂದು ಕಡೆ ಒಂದೊಂದು. ತಿರುಳು ಒಂದೇ: ಹಂಗಾಮು ಶುರುವಾಗುವ ಮುಂಚೆಯೇ ದುಡ್ಡು ಕೊಡುವುದು, ಬಂದದ್ದನ್ನು ಹಂಚಿಕೊಳ್ಳುವುದು, ಬರದಿದ್ದರೆ ಅದನ್ನೂ ಹಂಚಿಕೊಳ್ಳುವುದು.

ಅಕ್ಕ, ಅಣ್ಣ ಬೆಳೆಯುವುದು ಎರಡು ಎಕರೆಯಲ್ಲಿ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಗೆಳೆಯರೊಬ್ಬರು ಕೇಳಿದ್ದರು. ಲೋಕದ ಹೊಲಗಳಲ್ಲಿ 100ಕ್ಕೆ 84 ಎರಡು ಹೆಕ್ಟೇರ್‌ಗಿಂತ ಚಿಕ್ಕವು. ಒಟ್ಟು ಸಾಗುವಳಿ ಜಮೀನಿನಲ್ಲಿ ಅವುಗಳ ಪಾಲು ಶೇಕಡಾ 12ರಷ್ಟು ಮಾತ್ರ. ಆದರೂ ಲೋಕದ ಆಹಾರದಲ್ಲಿ ಮೂರನೇ ಒಂದು ಭಾಗ ಬರುವುದು ಅಲ್ಲಿಂದಲೇ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ ಹೇಳುತ್ತದೆ. ಎರಡು ಎಕರೆ ಸಣ್ಣದಲ್ಲ ಅಂತ ಅವರಿಗೆ ಹೇಳಿದೆ.

ಮನೆ ಮನೆಗೆ ಹೋಗಿ ಮಾತಾಡಿ 32 ಕುಟುಂಬ ಸೇರಿಸಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಹೊಲದಲ್ಲೇ ಮರದ ಕೆಳಗೆ ಮೊದಲ ಸಭೆ. ಆ ಸಭೆಯನ್ನು ಮಾತ್ರ ನಾನು ಯಾವತ್ತೂ ಮರೆಯುವುದಿಲ್ಲ.

ಖರ್ಚಿನ ಲೆಕ್ಕ ತೆಗೆಯೋಣ ಅಂತ ಮೊದಲೇ ಹೇಳಿದ್ದೆ. ಅಕ್ಕ ಒಂದು ಹಳೆಯ ನೋಟ್‌ಬುಕ್ ತಂದಿದ್ದರು. ಮೂಲೆಗಳು ಮಡಿಸಿ ಮೆತ್ತಗಾಗಿದ್ದವು, ಮೇಲೆ ಮಣ್ಣಿನ ಬೆರಳಚ್ಚು. ಒಂದೊಂದೇ ಓದುತ್ತಾ ಹೋದರು. ಬೀಜ. ಗೊಬ್ಬರ. ಉಳುಮೆ. ಕರೆಂಟು, ಪಂಪ್ ರಿಪೇರಿ. ಡ್ರಿಪ್ ಪೈಪ್. ಕಳೆ ಕೀಳುವ ಕೂಲಿ. ಜಮೀನಿನ ಗುತ್ತಿಗೆ. ಕ್ರೇಟ್. ಸಾಗಣೆ. ಅಷ್ಟು ಓದಿ ನೋಟ್‌ಬುಕ್ ಮುಚ್ಚಿದರು.

"ನಿಮ್ಮಿಬ್ಬರ ಕೂಲಿ ಎಲ್ಲಿ?" ಅಂತ ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ನಮ್ದೇ ಕೆಲಸಕ್ಕೆ ನಮ್ಗೇನು ಕೂಲಿ? ಮಿಕ್ಕಿದ್ದೇ ನಮ್ದು" ಅಂದರು ಅಕ್ಕ.

"ಮಿಗದಿದ್ರೆ?"

ಅವರು ಏನೂ ಹೇಳಲಿಲ್ಲ. ಇಪ್ಪತ್ತು ವರ್ಷ ಬೇಸಾಯ ಮಾಡಿದವರು. ಆ ಒಂದು ಸಾಲು ಯಾವತ್ತೂ ಬರೆದಿರಲಿಲ್ಲ. ಆ ದಿನ ಅಕ್ಕ ಮತ್ತೆ ನೋಟ್‌ಬುಕ್ ತೆಗೆದು ಕೊನೆಗೆ "ನಮ್ಮ ಕೂಲಿ" ಅಂತ ಬರೆದರು. ಎಷ್ಟು ಅಂತ ಬರೆಯಲು ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಮೊದಲು ಬರೆದದ್ದು ಹೊರಗಿನ ಕೂಲಿಯವರಿಗೆ ಕೊಡುವುದಕ್ಕಿಂತ ಕಡಿಮೆ. ಅದನ್ನು ಹೊಡೆದು ಹಾಕಿಸಿ ಬೇರೆ ಬರೆಸಿದೆವು.

ಒಟ್ಟು ಮೊತ್ತ ಬಂತು. ಅದನ್ನು 32ರಿಂದ ಭಾಗಿಸಿದರೆ ಒಂದು ಪಾಲು. ಆದರೆ ಎಲ್ಲರ ಕೈಯೂ ಒಂದೇ ಸಮ ಇರುವುದಿಲ್ಲ. ಹ್ಯಾಂಬರ್ಗ್ ಹತ್ತಿರ ಬುಷ್‌ಬೆರ್ಗ್‌ಹೋಫ್ ಅನ್ನುವ ತೋಟ 1988ರಿಂದ ಇದಕ್ಕೊಂದು ದಾರಿ ಹಿಡಿದಿದೆ. ಪಾಲಿಗೆ ಇಷ್ಟು ಅಂತ ಬೆಲೆ ಕಟ್ಟುವುದಿಲ್ಲ. ವರ್ಷದ ಖರ್ಚನ್ನು ಎಲ್ಲರ ಮುಂದೆ ಇಟ್ಟು, ಅವರವರಿಂದ ಆಗುವಷ್ಟು ಕೊಡುವಂತೆ ಕೇಳುತ್ತಾರೆ. ಜರ್ಮನಿಯ ಎಷ್ಟೋ ಗುಂಪುಗಳಲ್ಲಿ ಪ್ರತಿಯೊಬ್ಬರೂ ಚೀಟಿಯಲ್ಲಿ ತಮ್ಮಿಂದ ಆಗುವ ಮೊತ್ತ ಬರೆದು ಹಾಕುತ್ತಾರೆ. ಕೂಡಿದಾಗ ಸಾಲದೆ ಬಂದರೆ ಮತ್ತೊಂದು ಸುತ್ತು. ನಾವೂ ಹಾಗೇ ಮಾಡಿದೆವು. ಚೀಟಿಯಲ್ಲಿ ಹೆಸರಿಲ್ಲ, ಒಂದು ಗುರುತಿನ ಸಂಖ್ಯೆ ಮಾತ್ರ. ಮೊದಲ ಸುತ್ತಿನಲ್ಲಿ ಬೇಕಾದ ಮೊತ್ತದ ಶೇಕಡಾ 88 ಬಂತು. ಚೀಟಿ ವಾಪಸ್ ಕೊಟ್ಟು ಇನ್ನೊಮ್ಮೆ ಯೋಚಿಸಿ ಅಂದೆವು. ಎರಡನೇ ಸುತ್ತಿನಲ್ಲಿ ಪೂರ್ತಿ ಬಂತು, ಸ್ವಲ್ಪ ಮಿಕ್ಕಿತು ಕೂಡ. ಯಾರು ಜಾಸ್ತಿ ಬರೆದರು, ಯಾರು ಕಡಿಮೆ ಬರೆದರು ಅಂತ ದುಡ್ಡು ಜಮೆ ಮಾಡಿಕೊಳ್ಳುವ ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅರ್ಧ ದುಡ್ಡು ಅವತ್ತೇ, ಮಿಕ್ಕಿದ್ದು ತಿಂಗಳು ತಿಂಗಳು. ಬೀಜ ಕೊಳ್ಳಲು ಅವರು ಆ ವರ್ಷ ಸಾಲ ಮಾಡಲಿಲ್ಲ.

ಬೆಳೆ ಯೋಜನೆ ನಾನು ಅಂದುಕೊಂಡಿದ್ದಕ್ಕಿಂತ ಕಷ್ಟದ ಕೆಲಸ. ಸಗಟು ಮಾರುಕಟ್ಟೆಗೆ ಬೆಳೆಯುವಾಗ ಒಂದೇ ಬೆಳೆ, ಒಂದೇ ಸಲ ಬಿತ್ತನೆ, ಒಂದೇ ಸಲ ಕಟಾವು. ವಾರ ವಾರ ಬುಟ್ಟಿ ತುಂಬಬೇಕಾದರೆ ಎಲ್ಲ ತಿರುಗಾಮುರುಗಾ. ಮೂಲಂಗಿ ತಿಂಗಳೊಳಗೆ ಬರುತ್ತದೆ. ಸೊಪ್ಪಿಗೆ ಒಂದರಿಂದ ಒಂದೂವರೆ ತಿಂಗಳು. ಕ್ಯಾರೆಟ್‌ಗೆ ಎರಡೂವರೆಯಿಂದ ಮೂರು ತಿಂಗಳು. ಟೊಮೆಟೊ ನಾಟಿ ಮಾಡಿ ಎರಡು ತಿಂಗಳು ಮೇಲೆ ಕಾಯಬೇಕು, ಅದಕ್ಕೂ ಮುಂಚೆ ಸಸಿ ಮಡಿಯಲ್ಲಿ ಒಂದು ತಿಂಗಳು. ಹೀಗಾಗಿ ಹಿಂದಿನಿಂದ ಲೆಕ್ಕ ಹಾಕಬೇಕು. ಇಂಥ ವಾರ ಬುಟ್ಟಿಯಲ್ಲಿ ಕ್ಯಾರೆಟ್ ಬೇಕು, ಹಾಗಾದರೆ ಯಾವತ್ತು ಬಿತ್ತಬೇಕು? ದೊಡ್ಡ ಹಾಳೆಯ ಮೇಲೆ ವಾರಗಳ ಗೆರೆ ಎಳೆದು ಮೂರು ಸಂಜೆ ಕೂತೆವು. ಸೊಪ್ಪನ್ನು ಹತ್ತು ದಿನಕ್ಕೊಮ್ಮೆ ಒಂದೊಂದು ಮಡಿ ಬಿತ್ತುವುದು ಅಂತ ಆಯಿತು. ಒಟ್ಟು 18 ಬೆಳೆ. ಅಣ್ಣನಿಗೆ ಇದು ಹೊಸದು. "ಇದು ಬೇಸಾಯ ಅಲ್ಲ, ರೈಲಿನ ವೇಳಾಪಟ್ಟಿ" ಅಂದರು. ಆದರೆ ಆ ಹಾಳೆಯನ್ನು ಪಂಪ್ ಮನೆಯ ಗೋಡೆಗೆ ಅಂಟಿಸಿದವರು ಅವರೇ.

ಮೊದಲ ಕಟಾವಿನ ದಿನ ನಾನು ಬೆಳಗಿನ ಜಾವ ನಾಲ್ಕೂವರೆಗೆ ಹೊಲದಲ್ಲಿದ್ದೆ. ಅಷ್ಟು ಬೇಗ ಯಾಕೆ ಅಂತ ಮೊದಲು ತಿಳಿದಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು ಸೊಪ್ಪಿನ ಮೇಲೆ ಇಡಿಸಿದರು. ಎಲೆ ತಣ್ಣಗಿತ್ತು, ಇಬ್ಬನಿಯಿಂದ ಒದ್ದೆ. "ಇದೇ ಎಲೆನ ಹತ್ತು ಗಂಟೆಗೆ ಮುಟ್ಟಿ ನೋಡು" ಅಂದರು. ಕೊಯ್ದ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆ ಸುಡುತ್ತದೆ, ನೀರು ಬಿಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಜಾಸ್ತಿಯಾಗುತ್ತದೆ. ಅಂದರೆ ಬಿಸಿಲಲ್ಲಿ ಕೊಯ್ದ ಸೊಪ್ಪು ಅಷ್ಟು ಬೇಗ ಮುದಿಯಾಗುತ್ತದೆ. ಅಕ್ಕ ಕುಡುಗೋಲು ಹಿಡಿದು ಬುಡದಲ್ಲಿ ಒಂದೇ ಎಳೆತಕ್ಕೆ ಕೊಯ್ಯುತ್ತಿದ್ದರು, ಹಿಡಿ ತುಂಬಿದ ಕೂಡಲೇ ನಾರು ಸುತ್ತಿ ಕಟ್ಟು. ಕಟ್ಟನ್ನು ತಣ್ಣೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದು, ಬುಡ ಕೆಳಗೆ ಮಾಡಿ ಕ್ರೇಟಿನಲ್ಲಿ ನಿಲ್ಲಿಸಿ, ಒದ್ದೆ ಗೋಣಿ ಹೊದಿಸುವುದು. ನಾನು ಕೊಯ್ದದ್ದರಲ್ಲಿ ಬೇರೂ ಬಂತು, ಮಣ್ಣೂ ಬಂತು. ಅವರು ಏನೂ ಅನ್ನದೆ ಅದನ್ನು ಬೇರೆ ಇಟ್ಟರು. ಟೊಮೆಟೊಗೆ ಮಾತ್ರ ತಣ್ಣೀರೂ ಇಲ್ಲ, ಫ್ರಿಜ್ಜೂ ಇಲ್ಲ. ಅದನ್ನು ತೀರಾ ತಣ್ಣಗಿಟ್ಟರೆ ರುಚಿ ಸಾಯುತ್ತದೆ, ನೆರಳಿದ್ದರೆ ಸಾಕು. ಆರೂವರೆಗೆ ಎಲ್ಲ ಮುಗಿದಿತ್ತು. ಎಂಟಕ್ಕೆ ಊರಲ್ಲಿತ್ತು.

ಲೋಕದಲ್ಲಿ ಬೆಳೆದ ಆಹಾರದಲ್ಲಿ ಶೇಕಡಾ 14ರಷ್ಟು ಕಟಾವಿನಿಂದ ಅಂಗಡಿ ತಲುಪುವ ಮೊದಲೇ ಹಾಳಾಗುತ್ತದೆ ಅಂತ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಆ ಬೆಳಗ್ಗೆ ನಮ್ಮ ಕ್ರೇಟುಗಳಿಂದ ಹಾಳಾದದ್ದು ನಾನು ಬೇರು ಸಮೇತ ಕಿತ್ತ ಎರಡು ಹಿಡಿ. ಅದನ್ನೂ ನಾನೇ ಮನೆಗೆ ಒಯ್ದೆ.

ಸಾಗಣೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹತ್ತಿರದ್ದು ಅಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದು ಅಂತ ನಾನೂ ನಂಬಿದ್ದೆ. 2008ರಲ್ಲಿ ಅಮೆರಿಕದ ಮನೆಗಳ ಆಹಾರದ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಆಹಾರದಿಂದ ಆಗುವ ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ಶೇಕಡಾ 11 ಮಾತ್ರ. ಶೇಕಡಾ 83 ಆಗುವುದು ಬೆಳೆಯುವ ಹಂತದಲ್ಲಿ. ಎಷ್ಟು ದೂರದಿಂದ ಬಂತು ಅನ್ನುವುದಕ್ಕಿಂತ ಹೇಗೆ ಬೆಳೆದರು ಅನ್ನುವುದೇ ಮುಖ್ಯ ಅಂತ ಅರ್ಥ. 32 ಮನೆಯವರು 32 ಕಾರು ತೆಗೆದುಕೊಂಡು 14 ಕಿಲೋಮೀಟರ್ ಹೋಗಿ ಬಂದರೆ ಹತ್ತಿರ ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಅದಕ್ಕೇ ಒಂದೇ ಗಾಡಿ, ವಾರಕ್ಕೆ ಒಂದೇ ಸಲ, ಎರಡು ಹಂಚುವ ಜಾಗ ಅಂತ ಮಾಡಿಕೊಂಡೆವು. ಒಂದು ಶಾಲೆಯ ಜಗಲಿ, ಇನ್ನೊಂದು ನಮ್ಮ ಗುಂಪಿನವರ ಗ್ಯಾರೇಜು. ಎಲ್ಲರೂ ನಡೆದೋ ಸೈಕಲ್‌ನಲ್ಲೋ ಬಂದು ಒಯ್ಯುತ್ತಾರೆ. ಖಾಲಿ ಕ್ರೇಟು ವಾಪಸ್ ಹೋಗುವಾಗ ಅಡುಗೆಮನೆಯ ಸಿಪ್ಪೆ, ಒಣಗಿದ ಎಲೆ ಅದರಲ್ಲೇ ಹೋಗುತ್ತದೆ. ಅಲ್ಲಿ ಕಾಂಪೋಸ್ಟ್ ಗುಡ್ಡೆ. ಮೊದಲ ಗುಡ್ಡೆ ಹಸಿ ಜಾಸ್ತಿಯಾಗಿ ನಾತ ಹೊಡೆಯಿತು. ಒಣ ಎಲೆ, ಹುಲ್ಲು ಸೇರಿಸಿ ಮಗುಚಿದ ಮೇಲೆ ಒಳಗೆ 60 ಡಿಗ್ರಿ ಬಿಸಿ ಏರಿತು. ಕೈ ಇಟ್ಟರೆ ಸುಡುವಷ್ಟು.

ಮೊದಲ ಏಳು ವಾರ ಸುಖವಾಗಿ ಹೋಯಿತು. ಮೂಲಂಗಿ ಯಾಕಿಷ್ಟು ಅಂತ ಕೆಲವರು ಕೇಳಿದರು, ಸೊಪ್ಪಿನಲ್ಲಿ ತೂತು ಅಂತ ಕೆಲವರು ಹೇಳಿದರು. ಅದೆಲ್ಲ ಮಾತಾಡಿ ಸರಿ ಹೋಯಿತು. ಎಂಟನೇ ವಾರ ಮಳೆ ಹಿಡಿಯಿತು.

ಮೂರು ದಿನ ಬಿಡಲೇ ಇಲ್ಲ. ನಾಲ್ಕನೇ ದಿನ ಹೋದಾಗ ಟೊಮೆಟೊ ಸಾಲುಗಳ ನಡುವೆ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ನನಗೆ ಆಶ್ಚರ್ಯವಾದದ್ದು ಗಿಡಗಳನ್ನು ನೋಡಿ. ನೀರಲ್ಲೇ ನಿಂತಿದ್ದರೂ ಬಾಯಾರಿದ ಹಾಗೆ ಎಲೆ ಜೋಲು ಬಿದ್ದಿತ್ತು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರು ತುಂಬಿದರೆ ಒಂದೆರಡು ದಿನದಲ್ಲಿ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಹಣ್ಣು ಬಿರಿದಿದ್ದವು. ಅಣ್ಣ ಗುದ್ದಲಿ ಹಿಡಿದು ಕಾಲುವೆ ತೋಡುತ್ತಿದ್ದರು. ಅಕ್ಕ ಸಸಿ ಮಡಿಯ ಹತ್ತಿರ ಕೂತಿದ್ದರು. ಮುಂದಿನ ತಿಂಗಳಿಗೆ ಅಂತ ಬೆಳೆಸಿದ್ದ ಸಸಿಗಳು ಬುಡದಲ್ಲಿ ಕೊಳೆತು ಮಲಗಿದ್ದವು. "ಗುಂಪಿನವರಿಗೆ ಏನು ಹೇಳ್ಲಿ?" ಅಂದರು. ಬೆಳೆ ಹೋಯಿತು ಅನ್ನುವುದಕ್ಕಿಂತ ಅದೇ ಅವರಿಗೆ ದೊಡ್ಡ ಭಯವಾಗಿತ್ತು.

ಮುಂದಿನ ಕೆಲವು ವಾರ ಬುಟ್ಟಿಯಲ್ಲಿ ಎತ್ತರದ ಮಗ್ಗುಲಿನಲ್ಲಿ ಉಳಿದಿದ್ದ ಬದನೆಕಾಯಿ, ಕುಂಬಳಕಾಯಿ, ಅಷ್ಟೇ. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಮೊದಲ ವಾರ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ವಾರ ಸರಿ ಹೋಗುತ್ತದೆ, ಯಾಕೆ ಸುಮ್ನೆ ಗಾಬರಿ ಮಾಡುವುದು ಅಂದುಕೊಂಡೆ. ಕಡಿಮೆ ಬುಟ್ಟಿ ನೋಡಿದವರು ತಮಗೆ ತೋಚಿದ ಅರ್ಥ ಕಟ್ಟಿಕೊಂಡರು. ಒಳ್ಳೆಯದನ್ನು ಬೇರೆ ಕಡೆ ಮಾರುತ್ತಿದ್ದಾರೆ ಅಂತ ಒಬ್ಬರು ಅಂದದ್ದು ಅಕ್ಕನ ಕಿವಿಗೂ ಬಿತ್ತು. ಆ ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದು. ಮಳೆ ನಿಂತ ದಿನವೇ ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ನಷ್ಟ ಹಂಚಿಕೊಳ್ಳುತ್ತೇವೆ ಅಂತ ಸಹಿ ಹಾಕಿದವರಿಗೆ ನಷ್ಟವನ್ನು ಕಣ್ಣಾರೆ ನೋಡುವ ಹಕ್ಕಿರುತ್ತದೆ.

ಎರಡನೇ ಭಾನುವಾರ ಕರೆದೆ. 21 ಮನೆಯವರು ಬಂದರು. ಕೊಳೆತ ಸಾಲುಗಳ ನಡುವೆ ನಡೆದರು. ಒಬ್ಬ ಹುಡುಗ ಸತ್ತ ಟೊಮೆಟೊ ಗಿಡ ಎಳೆದ. ಬೇರು ಕಂದಾಗಿ, ಸಿಪ್ಪೆ ಕಳಚಿ ಕೈಗೆ ಬಂತು. ಆಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ಗುದ್ದಲಿ ಎಷ್ಟಿವೆ ಅಂತ ಕೇಳಿದರು. ಅವತ್ತು ಸಂಜೆಯೊಳಗೆ ತಗ್ಗಿನ ಭಾಗದಲ್ಲಿ ಒಂದು ಮೊಳ ಎತ್ತರದ ಏರು ಮಡಿಗಳು ಎದ್ದವು, ಬದುವಿನ ಉದ್ದಕ್ಕೂ ಬಸಿಗಾಲುವೆ ಬಂತು. ಬೇಗ ಬರುವ ಸೊಪ್ಪು, ಮೂಲಂಗಿ ಬಿತ್ತಿದೆವು. ಬಿತ್ತಿ ನಾಲ್ಕನೇ ವಾರಕ್ಕೆ ಬುಟ್ಟಿಯಲ್ಲಿ ಮತ್ತೆ ಮೂಲಂಗಿ. ಈ ಸಲ ಯಾಕಿಷ್ಟು ಅಂತ ಯಾರೂ ಕೇಳಲಿಲ್ಲ.

ಐದು ಕುಟುಂಬ ಹಂಗಾಮಿನ ಕೊನೆಗೆ ಬಿಟ್ಟವು. ಅವರ ಮೇಲೆ ನನಗೆ ಬೇಸರವಿಲ್ಲ. ಎರಡು ಮನೆಯಲ್ಲಿ ಅಡುಗೆಗೆ ಅಷ್ಟು ಸಮಯ ಇರಲಿಲ್ಲ. ಇದು ಎಲ್ಲರಿಗೂ ಹೊಂದುವ ದಾರಿಯಲ್ಲ, ಸೇರುವಾಗಲೇ ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಬುಟ್ಟಿಯಲ್ಲಿ ಬಂದದ್ದನ್ನು ನೋಡಿ ಅಡುಗೆ ತೀರ್ಮಾನಿಸಬೇಕು. ಅಡುಗೆ ತೀರ್ಮಾನಿಸಿ ಆಮೇಲೆ ತರಕಾರಿ ತರುವವರಿಗೆ ಇದು ಕಷ್ಟ.

ನಂಬಿಕೆಯ ವಿಷಯಕ್ಕೆ ಇನ್ನೊಂದು ಘಟನೆ ಸೇರಿಸುತ್ತೇನೆ. ಸಣ್ಣ ರೈತರಿಗೆ ಸಾವಯವ ಪ್ರಮಾಣಪತ್ರದ ಖರ್ಚು, ಕಾಗದಪತ್ರ ಎರಡೂ ಭಾರ. ಅದಕ್ಕೆ ಬೇರೆ ದಾರಿಯೊಂದಿದೆ. ಅಕ್ಕಪಕ್ಕದ ರೈತರು, ತಿನ್ನುವವರು ಸೇರಿ ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ನೋಡಿ ಖಾತರಿ ಕೊಡುವುದು. ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಫೋಮ್ ಕೂಡ ಈ ಸಹಭಾಗಿ ಖಾತರಿ ಪದ್ಧತಿಯನ್ನು ಬೆಂಬಲಿಸುತ್ತದೆ. ನಾವು ಒಂದು ಪಟ್ಟಿ ಮಾಡಿಕೊಂಡು, ಪಕ್ಕದ ಇಬ್ಬರು ರೈತರ ಜೊತೆ ಹೋದೆವು. ಬೀಜ ಎಲ್ಲಿ ಇಡುತ್ತೀರಿ ಅಂದಾಗ ಅಕ್ಕ ಡಬ್ಬಿ ತೆರೆದರು. ಒಂದು ಪೊಟ್ಟಣದಲ್ಲಿ ಬೀಜ ಗುಲಾಬಿ ಬಣ್ಣದ್ದು. ಶಿಲೀಂಧ್ರನಾಶಕ ಲೇಪಿಸಿದ ಬೀಜಕ್ಕೆ ಗೊತ್ತಾಗಲಿ ಅಂತ ಹಾಗೆ ಬಣ್ಣ ಹಚ್ಚಿರುತ್ತಾರೆ. ಅವರಿಗೆ ಅದು ತಿಳಿದಿರಲಿಲ್ಲ. ಅಂಗಡಿಯಲ್ಲಿ ಕೊಟ್ಟಿದ್ದು ಅಂತ ತಂದಿದ್ದರು. ಮುಖ ಕೆಂಪಾಯಿತು. ಪಕ್ಕದ ರೈತರು "ನಂಗೂ ಗೊತ್ತಿರ್ಲಿಲ್ಲ ಬಿಡಕ್ಕಾ, ನಮ್ಮನೇಲೂ ಇದೆ" ಅಂದರು. ದಂಡ ಇಲ್ಲ, ಗದ್ದಲ ಇಲ್ಲ. ಮೂವರೂ ಸೇರಿ ಲೇಪನವಿಲ್ಲದ ಬೀಜ ತರಿಸಿಕೊಂಡರು. ವರ್ಷಕ್ಕೊಮ್ಮೆ ಬಂದು ಹೋಗುವ ಅಧಿಕಾರಿಯಿಂದ ಇದು ಆಗುತ್ತಿತ್ತಾ? ನನಗೆ ಅನುಮಾನ.

ಇಷ್ಟೆಲ್ಲ ಆದರೂ ನನ್ನ ನಿದ್ದೆ ಕೆಡಿಸಿದ್ದು ತರಕಾರಿಯಲ್ಲ, ಜಮೀನು. ಆ ಎರಡು ಎಕರೆ ಅವರದಲ್ಲ. ವರ್ಷ ವರ್ಷ ಬಾಯಿ ಮಾತಿನ ಗುತ್ತಿಗೆ. ಊರು ಆ ಕಡೆಗೇ ಬೆಳೆಯುತ್ತಿದೆ. ಪಕ್ಕದ ತುಂಡಿನಲ್ಲಿ ಆಗಲೇ ಕಲ್ಲು ನೆಟ್ಟು ಸೈಟು ಗುರುತು ಮಾಡಿದ್ದರು.

1826ರಲ್ಲಿ ಫಾನ್ ಟ್ಯೂನೆನ್ ಅನ್ನುವ ಜರ್ಮನ್ ಜಮೀನುದಾರ ಊರಿನ ಸುತ್ತ ಬೇಸಾಯ ಹೇಗೆ ಬಳೆ ಬಳೆಯಾಗಿ ಹರಡಿಕೊಳ್ಳುತ್ತದೆ ಅಂತ ಬರೆದ. ಊರಿಗೆ ತಾಗಿದ ಮೊದಲ ಬಳೆ ತರಕಾರಿ ಮತ್ತು ಹಾಲಿನದು. ಬೇಗ ಕೆಡುವಂಥದ್ದು ಹತ್ತಿರವೇ ಬೆಳೆಯಬೇಕಿತ್ತು. ಶೀತಲ ಗಾಡಿಗಳು ಬಂದ ಮೇಲೆ ಆ ಬಳೆಗೆ ಬೆಲೆ ಹೋಯಿತು. ಈಗ ಅದೇ ಜಾಗದಲ್ಲಿ ಮೊದಲು ಬೆಳೆಯುವುದು ಕಟ್ಟಡ. ಮಣ್ಣಿನ ಮೇಲೆ ಒಮ್ಮೆ ಕಾಂಕ್ರೀಟ್ ಬಿದ್ದರೆ ನಮ್ಮ ಜೀವಮಾನದಲ್ಲಿ ಅದು ಹೊಲವಾಗಿ ವಾಪಸ್ ಬರುವುದಿಲ್ಲ.

ವರ್ಷದ ಗುತ್ತಿಗೆಯಲ್ಲಿ ಇನ್ನೊಂದು ನಷ್ಟವಿದೆ, ಹೊರಗಿನವರ ಕಣ್ಣಿಗೆ ಕಾಣದು. ಕಾಂಪೋಸ್ಟ್ ಹಾಕಿದರೆ ಅದರ ಸಾರಜನಕದಲ್ಲಿ ಸ್ವಲ್ಪ ಭಾಗ ಮಾತ್ರ ಆ ವರ್ಷ ಗಿಡಕ್ಕೆ ಸಿಗುತ್ತದೆ. ಮಿಕ್ಕಿದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಬರುವ ವರ್ಷ ಈ ಮಣ್ಣು ನನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಗೊಬ್ಬರಕ್ಕೆ ಯಾಕೆ ದುಡ್ಡು ಹಾಕುತ್ತಾರೆ? ಚೀಲದ ಯೂರಿಯಾ ಹಾಕಿ ಈ ಬೆಳೆ ತೆಗೆದರೆ ಸಾಕು ಅನ್ನುತ್ತಾರೆ. ಅದು ಅವರ ತಪ್ಪಲ್ಲ. ಮಣ್ಣು ಉಳಿಸಿ ಅಂತ ರೈತರಿಗೆ ಪಾಠ ಹೇಳುವ ಮುಂಚೆ ಅವರ ಗುತ್ತಿಗೆ ಎಷ್ಟು ವರ್ಷದ್ದು ಅಂತ ಕೇಳಬೇಕು.

ಫ್ರಾನ್ಸಿನಲ್ಲಿ 2003ರಲ್ಲಿ ಶುರುವಾದ ಟೆರ್ ದ ಲಿಯಾಂ ಅನ್ನುವ ಸಂಸ್ಥೆ ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ಜಮೀನು ಕೊಂಡು, ರೈತರಿಗೆ ದೀರ್ಘ ಗುತ್ತಿಗೆಗೆ ಕೊಡುತ್ತದೆ. ನಮಗೆ ಅಷ್ಟು ಶಕ್ತಿ ಇಲ್ಲ. ನಾವು ಮಾಡಿದ್ದು ಜಮೀನಿನ ಮಾಲೀಕರ ಹತ್ತಿರ ಹೋಗಿ ಕೂತು ಮಾತಾಡಿದ್ದು, ಒಂದಲ್ಲ, ನಾಲ್ಕು ಸಲ. ಮೂರು ಸಲ ಅವರು ಆಗಲ್ಲ ಅಂದರು. ನಾಲ್ಕನೇ ಸಲ ಅಕ್ಕ ಒಂದು ಕ್ರೇಟ್ ತುಂಬಾ ತರಕಾರಿ ಒಯ್ದಿದ್ದರು. ನಾವು 27 ಮನೆಯವರು ಗುತ್ತಿಗೆ ಹಣಕ್ಕೆ ಜಾಮೀನು ನಿಲ್ಲುತ್ತೇವೆ, ವರ್ಷದ ದುಡ್ಡು ಮೊದಲೇ ಕೊಡುತ್ತೇವೆ ಅಂತ ಬರೆದುಕೊಟ್ಟೆವು. ಮಾಲೀಕರ ತಾಯಿ ಒಳಗಿನಿಂದ ಬಂದು ಕ್ರೇಟಿನಲ್ಲಿದ್ದ ಸೊಪ್ಪಿನ ಕಟ್ಟು ಎತ್ತಿಕೊಂಡು ಮೂಸಿ ನೋಡಿದರು. "ನಮ್ಮ ಹೊಲದ್ದಾ?" ಅಂತ ಕೇಳಿದರು. ಐದು ವರ್ಷಕ್ಕೆ ಕಾಗದ ಆಯಿತು. ಐದು ವರ್ಷ ಆದ ಮೇಲೆ ಏನು ಅನ್ನುವ ಚಿಂತೆ ಹೋಗಿಲ್ಲ. ಊರಿನ ಯೋಜನೆ ಮಾಡುವವರು ಇಂಥ ಜಮೀನನ್ನು ಹೊಲವಾಗಿಯೇ ಉಳಿಸಬೇಕು ಅಂತ ನಕ್ಷೆಯಲ್ಲಿ ಬರೆಯುವ ತನಕ ಅದು ಹೋಗುವುದೂ ಇಲ್ಲ. ಕಾಗದ ಆದ ವಾರವೇ ಅಣ್ಣ ಹತ್ತು ಗಾಡಿ ಕೊಟ್ಟಿಗೆ ಗೊಬ್ಬರ ಹೊಡೆಸಿದರು. ಬದುವಿನ ಮೇಲೆ ನಿಂಬೆ ಸಸಿ ನೆಟ್ಟರು. ನಿಂಬೆ ಕಾಯಿ ಬಿಡಲು ಮೂರು ವರ್ಷ ಬೇಕು.

ಹೋದ ಭಾನುವಾರ ಎರಡನೇ ಹಂಗಾಮಿನ ಸಭೆ ಇತ್ತು, ಅದೇ ಮರದ ಕೆಳಗೆ. ಹಳೆಯ 27 ಮನೆ, ಹೊಸದಾಗಿ 11. ಅಕ್ಕ ಹೊಸ ನೋಟ್‌ಬುಕ್ ತಂದಿದ್ದರು. ಮೊದಲ ಸಾಲಿನಲ್ಲೇ "ನಮ್ಮ ಕೂಲಿ" ಅಂತ ಬರೆದು, ಮುಂದೆ ಮೊತ್ತವನ್ನೂ ಬರೆದಿದ್ದರು. ಯಾರೂ ಕೇಳುವ ಮುಂಚೆಯೇ ಗಟ್ಟಿಯಾಗಿ ಓದಿದರು. ಚೀಟಿ ಒಂದೇ ಸುತ್ತಿಗೆ ಮುಗಿಯಿತು.

ಆಮೇಲೆ ಬೆಳೆ ಹಾಳೆ ಬಿಡಿಸಿ ಕೂತೆವು. ಅಣ್ಣ ಪೆನ್ಸಿಲ್ ಹಿಡಿದು ಒಂದೊಂದೇ ಬೆಳೆ ಕೇಳುತ್ತಾ ಬಂದರು. ಎಲೆಕೋಸಿನ ಹತ್ತಿರ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು.

"ಎಲೆಕೋಸು ಎಷ್ಟು ಹಾಕೋಣ?"

"ಮನೆಗೆ ಎರಡು" ಅಂತ ಯಾರೋ ಅಂದರು. 38 ಮನೆ, 76. ಹುಳಕ್ಕೆ, ಹಕ್ಕಿಗೆ ಅಂತ ಇನ್ನೊಂದಿಷ್ಟು ಇರಲಿ ಅಂದರು ಅಕ್ಕ. ಅಣ್ಣ ಹಾಳೆಯ ಮೇಲೆ ಬರೆದರು: 90 ಸಸಿ.